ಪಕ್ಕಾ ಬಣ್ಣ

ಇದ್ದಿಲು ತೊಳೆದರೆ ಬೆಳ್ಳಗಾದೀತೇನೋ ಎಂದು
ಅಜ್ಜಿ ನನ್ನನ್ನೇ ನೋಡಿ ಅನ್ನುತ್ತಿದ್ದಳು.
ಕುರ್ಲಾದ ಕಾಲೇಜಿನಲ್ಲಿ ಮೂವತ್ತೊಂದು ವರ್ಷ
ಬೀಕರು, ಬ್ಯೂರೆಟ್ಟು, ಹುಡುಗರ ತಪ್ಪು ಲೆಕ್ಕಗಳ ತಳ
ತಿಕ್ಕಿ ತೊಳೆದು ಬೋರಲು ಹಾಕಿದವನು ನಾನು.
ಆ ಮಾತಿಗೊಂದು ಮರುಮಾತು ಹೊಳೆದದ್ದು
ನಿವೃತ್ತಿಗೆ ಎಂಟು ತಿಂಗಳಿದ್ದಾಗ.

ನಾಜ್ನೀನ್ ಬಂದಳು, ಬೆನ್ನ ಮೇಲೆ ಗೋಣಿಚೀಲ,
ಒಳಗೆ ಕಬ್ಬಿನ ಸಿಪ್ಪೆ.
ಸ್ಟೇಷನ್ನಿನೆದುರು ದಗಡೂನ ಗಾಡಿ ಇದೆಯಲ್ಲ,
ಗೆಜ್ಜೆ ಕಟ್ಟಿದ ಗಾಲಿ ಛಲ್ ಛಲ್ ಅನ್ನುತ್ತ
ಒಂದೇ ಜಲ್ಲೆಯನ್ನು ನಾಲ್ಕು ಸಲ ಮಡಿಸಿ ಹಿಂಡುತ್ತದೆ;
ಕೊನೆಗೆ ಉಳಿಯುವುದು ದನವೂ ಅನುಮಾನಿಸುವ ನಾರು.
ಬಿಟ್ಟಿ ಕೊಟ್ಟನಂತೆ. ಇರುವೆಗಳೂ ಬಿಟ್ಟಿ.

ಆರು ದಿನ ತಾರಸಿಯಲ್ಲಿ ಒಣಗಿತು, ಕಾಗೆ ಓಡಿಸಿದವನು ನಾನು.
ಒಂದು ರಾತ್ರಿ ಆಮ್ಲದಲ್ಲಿ ನೆನೆಯಿತು.
ಮುಚ್ಚಳ ಬಿಗಿದ ಮೂಸೆಯಲ್ಲಿ, ಐನೂರು ಡಿಗ್ರಿಯಲ್ಲಿ,
ಉರಿಯಲೂ ಬಿಡದೆ ಆರಲೂ ಬಿಡದೆ ಒಂದು ಗಂಟೆ.
ತೆಗೆದಾಗ ಹಿಡಿಯಷ್ಟು ಕತ್ತಲೆ.
ತೊಳೀರಿ ಕಾಕಾ, ಅಂದಳು.
ತೊಳೆದೆ.
ಹನ್ನೊಂದು ನೀರು, ಲಿಟ್ಮಸ್ ಚೀಟಿ ಕೆಂಪಾಗುವುದು ನಿಲ್ಲುವ ತನಕ.
ಬೆಳ್ಳಗಾಗಲಿಲ್ಲ, ಅಜ್ಜಿ.

ಸಾಕಿನಾಕಾದ ಹಿಂದೆ ಅವಳ ಅಪ್ಪನ ಷೆಡ್ಡು.
ಹಮೀದುಲ್ಲಾ ರಂಗ್ರೇಜ್: ಮೊಳಕೈವರೆಗೆ ನೀಲಿ,
ಉಗುರ ಸಂದಿಯಲ್ಲಿ ಹೋದ ವಾರದ ಕೆಂಪು.
ಅವನ ಕೊಪ್ಪರಿಗೆಯ ಎಂಜಲು ಗಟಾರ ಹಿಡಿದು
ನಾಲೆಗೆ, ನಾಲೆಯಿಂದ ಮೀಠಿಗೆ.
ಹೆಸರೇನೋ ಸಿಹಿ. ಮೂಗು ಮುಚ್ಚಿಕೊಂಡು ಕರೆಯಬೇಕು.
ಈ ಸಲದ ಹಬ್ಬಕ್ಕೆ ಯಾವ ಬಣ್ಣದ ದುಪಟ್ಟಾ ಎಂದು
ಊರಿಗಿಂತ ಮೊದಲು ಆ ನೀರಿಗೆ ಗೊತ್ತು.

ಅದನ್ನೇ ಒಂದು ಬಾಟಲಿ ತುಂಬಿ ತಂದಳು.
ಒಂದು ಚಮಚ ಮಸಿ. ಕುಲುಕುವ ಯಂತ್ರ ಕೆಟ್ಟಿತ್ತು;
ನಾನೇ ಕುಲುಕಿದೆ, ಕೈ ಬದಲಾಯಿಸುತ್ತ, ಗಂಟೆಗಟ್ಟಲೆ
ಅಳುವ ಕೂಸನ್ನು ಆಡಿಸಿದ ಹಾಗೆ.
ಆಮೇಲೆ ಆಲಿಕೆ, ಸೋಸುಕಾಗದ.
ಹನಿ.
ಇನ್ನೊಂದು ಹನಿ.
ನೀರು.
ಬರೀ ನೀರು. ಅದರಾಚೆ ಕಿಟಕಿ,
ಕಿಟಕಿಯಲ್ಲಿ ತಲೆಕೆಳಗಾಗಿ ಹೋಗುವ ಲೋಕಲ್ಲು.

ನಾವಿಬ್ಬರೂ ಕುಣಿದೆವು. ಅವಳಪ್ಪ ಕುಣಿಯಲಿಲ್ಲ.
ನೀರಿನ ಕಡೆ ನೋಡಲೇ ಇಲ್ಲ ಆ ಮನುಷ್ಯ.
ಸೋಸುಕಾಗದ ಬಿಡಿಸಿ, ಒದ್ದೆ ಮಸಿಯನ್ನು ಚಿವುಟಿ
ಸಾಬೂನಿನ ಬಿಸಿನೀರಿಗೆ ಹಾಕಿ ತಿಕ್ಕಿದ,
ಗಿರಾಕಿಯ ಮುಂದೆ ಸೆರಗಿನ ಅಂಚು ತಿಕ್ಕಿ ತೋರಿಸುವ ಹಾಗೆ.
ಬಿಳಿ ಬಟ್ಟೆಯ ಚೂರಿಗೆ ಒತ್ತಿದ.
ಕಪ್ಪು ಹತ್ತಿತು. ನೀಲಿ ಹತ್ತಲಿಲ್ಲ.

"ನಲವತ್ತು ವರ್ಷ," ಅಂದ, "ಉಪ್ಪು ಸುರಿದೆ, ಸೋಡಾ ಸುರಿದೆ,
ಬಣ್ಣ ಬಿಡಬೇಡವೆಂದು ಬಟ್ಟೆಯ ಕಾಲು ಹಿಡಿದೆ.
ಆದರೂ ಎಷ್ಟೋ ಪಾಲು ನೀರಿಗೇ ಹೋಯಿತು.
ಈ ಹಿಂಡಿ ಬಿಸಾಕಿದ ಕಸಕ್ಕೆ
ಯಾವ ಉಸ್ತಾದ ಕಲಿಸಿದ, ಹೀಗೆ ಹಿಡಿಯೋದು?"

ಮಗಳು ಚಿತ್ರ ಬರೆದಳು: ಉರಿ ಹೋದ ದಾರಿಯೆಲ್ಲ ತೂತು,
ತೂತಿನೊಳಗೆ ತೂತು, ಗೋಡೆಗೆ ಗೋಡೆ ತಾಗಿಸಿ
ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಖೋಲಿ.
ಅವನು ನಕ್ಕುಬಿಟ್ಟ. "ಅಂದರೆ ನಮ್ಮ ಓಣಿ!
ಬಂದವರಿಗೆಲ್ಲ ಜಾಗ. ಬಿಟ್ಟು ಹೋಗೋದು ಮಾತ್ರ ಕಷ್ಟ."

ಅದೇ ಮಸಿ, ಮೂರನೆ ಬಾಟಲಿಗೆ ಹನಿ ತುಸು ನೀಲಿಯಾಯಿತು.
ನಾಲ್ಕನೆಯದಕ್ಕೆ ಇಳಿದದ್ದು ಗಟಾರದ ನೀರೇ.
ಓಣಿಯೂ ತುಂಬುತ್ತದೆ. ಅದನ್ನವಳು ಗ್ರಾಫಿನಲ್ಲಿ ಹಾಕಿದಳು:
ಏರಿ, ಏರಿ, ಮಲಗಿಬಿಡುವ ಗೆರೆ.

"ಇದನ್ನೀಗ ಎಲ್ಲಿ ಎಸೀತೀರಿ?" ರಂಗ್ರೇಜ್ ಕೇಳಿದ.
ಅವಳು ಸುಮ್ಮನಾದಳು. ನನ್ನ ಕೈ ಅಭ್ಯಾಸಬಲದಿಂದ
ಸಿಂಕಿನ ಕಡೆ ಹೊರಟಿತ್ತು, ನಿಂತಿತು.
ಮೂವತ್ತೊಂದು ವರ್ಷ ತೊಳೆದದ್ದೆಲ್ಲ
ಆ ಜಾಲರಿಯಲ್ಲಿಳಿದು ಎಲ್ಲಿಗೆ ಹೋಯಿತೆಂದು
ಆವತ್ತು ಮೊದಲ ಸಲ ಬಗ್ಗಿ ನೋಡಿದೆ.

ಉಪ್ಪಿನಕಾಯಿಯ ಖಾಲಿ ಭರಣಿಗೆ ತುಂಬಿ
ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ.
ನನ್ನ ಜಾಗಕ್ಕೆ ಬಂದ ಹುಡುಗ ಚೀಟಿ ಓದಿ
ತಿರುಗಿಸಿ ನೋಡುತ್ತಾನೆ, ಕಾಕಾ, ಏನೋ ತಪ್ಪಾಗಿದೆ ಅನ್ನುತ್ತಾನೆ.
ಕರೀ ಪುಡಿ. ಮೇಲೆ ನನ್ನ ಕೈಬರಹ:
ನೀಲಿ.